ಅಂಗಡಿ ಸಾಲು ಹೋಗಿ ಸಂಕೀರ್ಣ ಬಂದಾಗ: ಶಿವಮೊಗ್ಗದ ಒಂದು ಬಡಾವಣೆಯ ಪ್ರಕರಣ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಒಂದು ಹಳೆಯ ಬಡಾವಣೆಯ ಮುಖ್ಯರಸ್ತೆಗೆ ಮುಖ ಮಾಡಿ, 1970ರ ದಶಕದಲ್ಲಿ ಕಟ್ಟಿಸಿದ ಹದಿನಾಲ್ಕು ಮಳಿಗೆಗಳ ಸಾಲೊಂದಿತ್ತು. ಜಂಬಿಟ್ಟಿಗೆಯ ದಪ್ಪ ಗೋಡೆ, ಮಂಗಳೂರು ಹೆಂಚಿನ ಮಾಡು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಜಗಲಿ, ಅದರ ಮುಂದೆ ಬೈಕು ಸ್ಕೂಟರುಗಳು ಅಡ್ಡಾದಿಡ್ಡಿಯಾಗಿ ನಿಲ್ಲುತ್ತಿದ್ದ ಮಣ್ಣಿನ ಅಂಗಳ. ದಿನಸಿ ಅಂಗಡಿ, ಮೆಡಿಕಲ್ ಶಾಪು, ಕಾಂಡಿಮೆಂಟ್ಸ್, ಹಿಟ್ಟಿನ ಗಿರಣಿ, ಇಬ್ಬರು ಟೈಲರುಗಳು, ಕಟಿಂಗ್ ಶಾಪು, ಜೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ, ಸೈಕಲ್ ರಿಪೇರಿ ಮುಂತಾದವು ಅಲ್ಲಿದ್ದವು. ಸಾಲಿನ ಹಿಂದೆ ಮಾಲೀಕರ ಹಳೆಯ ಮನೆ, ಬಾವಿ ಮತ್ತು ಹಿತ್ತಿಲು. ಇವೆಲ್ಲವನ್ನೂ ತೆಗೆದು, ರಸ್ತೆಯ ಬದಿಗೆ ಅಂಗಡಿಗಳು, ಮೊದಲ ಮಹಡಿಯಲ್ಲಿ ಕ್ಲಿನಿಕ್ ಹಾಗೂ ಕಚೇರಿಗಳು, ಅದರ ಮೇಲಿನ ಮಹಡಿಗಳಲ್ಲಿ ಫ್ಲ್ಯಾಟುಗಳು ಇರುವ ಒಂದು ಕಟ್ಟಡವನ್ನು ಎಬ್ಬಿಸುವ ಯೋಜನೆ ಬಂದಾಗ ಬಡಾವಣೆಯಲ್ಲಿ ಎದ್ದ ಪ್ರತಿಕ್ರಿಯೆಗಳು ಈ ಅಧ್ಯಯನದ ವಿಷಯ. ಸಂಬಂಧಪಟ್ಟವರೆಲ್ಲ ಇನ್ನೂ ಅಕ್ಕಪಕ್ಕದಲ್ಲೇ ಬಾಳುತ್ತಿರುವುದರಿಂದ ಬಡಾವಣೆಯ ಹೆಸರನ್ನೂ ವ್ಯಕ್ತಿಗಳ ಹೆಸರುಗಳನ್ನೂ ಬಿಡಲಾಗಿದೆ.

ಇಂಥ ಪ್ರಕರಣಗಳನ್ನು ಅಭಿವೃದ್ಧಿ ಬೇಕೆನ್ನುವವರು ಮತ್ತು ಬೇಡವೆನ್ನುವವರು ಎಂದು ಎರಡು ಪಂಗಡವಾಗಿ ಒಡೆದು ನೋಡುವ ರೂಢಿಯಿದೆ. ಇಲ್ಲಿ ಆ ವಿಂಗಡಣೆ ಹೆಚ್ಚು ದೂರ ಸಾಗಲಿಲ್ಲ. ಯಾರು ಏನು ಹೇಳಿದರು, ಎಷ್ಟು ಗಟ್ಟಿಯಾಗಿ ಹೇಳಿದರು ಎಂಬುದು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿತ್ತು: ಆ ನೆಲದ ಮೇಲೆ ಅವರ ಕೈಯಲ್ಲಿದ್ದ ಕಾಗದ ಯಾವುದು, ಮತ್ತು ಆಕ್ಷೇಪಣೆ ಹೇಳಲು ಕಾನೂನು ಅವರಿಗೆ ತೆರೆದಿಟ್ಟ ಬಾಗಿಲು ಯಾವುದು.

ಮಾಲೀಕರ ಕಡೆಯಿಂದ ಆರಂಭಿಸುವುದು ಸರಿ, ಏಕೆಂದರೆ ಬಡಾವಣೆಯಲ್ಲಿ ಹಬ್ಬಿದ್ದ ಮಾತು ಅವರಿಗೆ ಅಷ್ಟಾಗಿ ನ್ಯಾಯ ಒದಗಿಸುವಂತಿರಲಿಲ್ಲ. ದುಡ್ಡಿನ ಆಸೆಗೆ ಬಿದ್ದು ತಂದೆ ಕಟ್ಟಿಸಿದ್ದನ್ನು ಕೆಡವುತ್ತಿದ್ದಾರೆ ಎಂದು ಜನ ಆಡಿಕೊಂಡರು. ವಾಸ್ತವದಲ್ಲಿ ಅದು ಪಾಲಿನ ಪ್ರಶ್ನೆಯಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸರಿಸಮನಾದ ಹಕ್ಕು ಕೊಟ್ಟಿತು. ಕರ್ನಾಟಕದಲ್ಲಿ ರಾಜ್ಯದ ತಿದ್ದುಪಡಿಯ ಮೂಲಕ 1994ರಷ್ಟು ಹಿಂದೆಯೇ ಇಂಥದೊಂದು ಹಕ್ಕು ಬಂದಿತ್ತು. ಇಬ್ಬರು ಅಣ್ಣತಮ್ಮಂದಿರು, ಮೂವರು ಅಕ್ಕತಂಗಿಯರು ಇರುವ ಮನೆಯಲ್ಲಿ ಹದಿನಾಲ್ಕು ಮಳಿಗೆಯ ಸಾಲನ್ನು ಐದು ಸಮಪಾಲು ಮಾಡುವುದು ಲೆಕ್ಕದಲ್ಲೂ ಕಷ್ಟ, ನೆಲದ ಮೇಲೂ ಕಷ್ಟ. ಮೂಲೆಯ ಮಳಿಗೆಗೆ ಇರುವ ಬೆಲೆ ನಡುವಿನದಕ್ಕೆ ಇಲ್ಲ. ಒಂದೇ ಮಾಡಿನ ಕೆಳಗಿನ ಗೋಡೆಗಳು ಇಬ್ಬರಿಗೂ ಸೇರಿದವು. ಹಿಂದಿನ ಮನೆ ಯಾರಿಗೆ ಎಂಬುದು ಬೇರೆಯೇ ಜಗಳ. ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಬಿಲ್ಡರು ಕಟ್ಟಿಕೊಡುವ ಫ್ಲ್ಯಾಟು ಮತ್ತು ಅಂಗಡಿಗಳನ್ನು ಎಣಿಸಿ, ಚದರ ಅಡಿಯ ಲೆಕ್ಕದಲ್ಲಿ ಹಂಚಿಕೊಂಡು, ಬೇಕಾದವರು ಇಟ್ಟುಕೊಂಡು ಬೇಡವಾದವರು ಮಾರಿಕೊಳ್ಳಬಹುದು. ನಮ್ಮ ಊರುಗಳಲ್ಲಿ ಹಳೆಯ ಅಂಗಡಿ ಸಾಲುಗಳು ಒಂದೊಂದಾಗಿ ನೆಲ ಕಚ್ಚುತ್ತಿರುವುದರ ಹಿಂದೆ ಮಾರುಕಟ್ಟೆಯ ಒತ್ತಡದಷ್ಟೇ ಈ ಕೌಟುಂಬಿಕ ಲೆಕ್ಕಾಚಾರವೂ ಇದೆ ಎಂಬುದು ನನ್ನ ಅಭಿಪ್ರಾಯ.

ಯೋಜನೆಯ ಸುದ್ದಿ ಬಡಾವಣೆಗೆ ಅಧಿಕೃತವಾಗಿ ತಲುಪಿದ್ದು ದಿನಪತ್ರಿಕೆಯ ಒಂದು ಸಣ್ಣ ಪ್ರಕಟಣೆಯ ಮೂಲಕ. ಈ ಪ್ರಕಟಣೆ ಏಕೆ ಬಂತು ಎಂಬುದರಲ್ಲೇ ಪ್ರಕರಣದ ಮುಂದಿನ ತಿರುವುಗಳೆಲ್ಲ ಅಡಗಿವೆ. ರಸ್ತೆಗೆ ತಾಗಿದ ಮುಂಭಾಗವು ಮಹಾಯೋಜನೆಯ (ನಗರದ ಯಾವ ಭಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಮೊದಲಿನಿಂದಲೂ ವಾಣಿಜ್ಯ ವಲಯವೆಂದೇ ಗುರುತಾಗಿತ್ತು. ಅಲ್ಲಿ ನಿಯಮಕ್ಕೆ ಒಳಪಟ್ಟು ಕಟ್ಟುವ ಕಟ್ಟಡಕ್ಕೆ ನೆರೆಯವರ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಿಲ್ಲ. ಹಿಂದಿನ ಮನೆ ಮತ್ತು ಹಿತ್ತಿಲು ವಸತಿ ವಲಯದಲ್ಲಿದ್ದವು. ಅಲ್ಲಿಯವರೆಗೂ ಅಂಗಡಿ ಮತ್ತು ಕಚೇರಿಗಳನ್ನು ಚಾಚಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಭೂಬಳಕೆ ಬದಲಾವಣೆಗೆ ಅನುಮತಿ ಪಡೆಯಬೇಕು. ಅದಕ್ಕೆ ಮುಂಚೆ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆಯಬೇಕು. ಶಿವಮೊಗ್ಗದಲ್ಲಿ ಆ ಅರ್ಜಿ ಹೋಗುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಜನರ ಬಾಯಲ್ಲಿ ಸೂಡಾಕ್ಕೆ. ಹೀಗಾಗಿ ಜನರ ಮಾತಿಗೆ ಅವಕಾಶ ಸಿಕ್ಕಿದ್ದು ಹಿತ್ತಿಲಿನ ಬಗ್ಗೆ. ಜನರು ಮಾತನಾಡಬೇಕೆಂದಿದ್ದುದು ಅಂಗಡಿ ಸಾಲಿನ ಬಗ್ಗೆ. ಎಲ್ಲ ಅಸಮಾಧಾನವೂ ಆ ಒಂದು ಕಿರಿದಾದ ಬಾಗಿಲಲ್ಲಿ ನುಗ್ಗಬೇಕಾಯಿತು.

ಗಣಪತಿ ಕೂರಿಸುವ ಬಯಲಿನಲ್ಲಿ ಒಂದು ಭಾನುವಾರ ಸಂಜೆ ಸಭೆ ಸೇರಿತು. ನಿವೃತ್ತ ಉಪಾಧ್ಯಾಯರೊಬ್ಬರು ಆಕ್ಷೇಪಣೆಯ ಕರಡನ್ನು ಓದಿದರು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಸಾಲದು, ಹಿಂದಿನ ಅಡ್ಡರಸ್ತೆ ವಾಹನಗಳ ಹೊರೆ ತಾಳದು, ಚರಂಡಿ ಚಿಕ್ಕದು, ಸುತ್ತಲಿನ ಬಾವಿಗಳ ನೀರು ಇಳಿಯುತ್ತದೆ, ಮೇಲಿನ ಬಾಲ್ಕನಿಗಳಿಂದ ಹಿತ್ತಿಲುಗಳು ಕಾಣುತ್ತವೆ. ಇವೆಲ್ಲವೂ ಹಿಂದಿನ ಅಡ್ಡರಸ್ತೆಯ ಮನೆಗಳವರ ಆಕ್ಷೇಪಣೆಗಳೇ ಆಗಿದ್ದವು, ಮತ್ತು ಎಲ್ಲವೂ ಅಳೆಯಬಹುದಾದವು. ಅಂಗಡಿಯವರಲ್ಲಿ ಕೆಲವರು ಸಭೆಗೆ ಬಂದಿದ್ದರೂ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಮಾಲೀಕರ ಹಿರಿಯ ಮಗ ಅಲ್ಲೇ ಕುರ್ಚಿಯಲ್ಲಿ ಕುಳಿತಿರುವಾಗ ಬಾಡಿಗೆದಾರರಿಗೆ ಬಾಯಿ ಬರುವುದಾದರೂ ಹೇಗೆ? ಇನ್ನೊಂದು ಸಂಗತಿಯನ್ನೂ ಮರೆಮಾಚುವಂತಿಲ್ಲ. ಆಕ್ಷೇಪಣೆಗೆ ಸಹಿ ಹಾಕಿದ ಮನೆಮಾಲೀಕರಲ್ಲಿ ಕೆಲವರು ಅದೇ ವಾರ ಅದೇ ಬಿಲ್ಡರಿಗೆ ಫೋನು ಮಾಡಿ, ತಮ್ಮ ಸೈಟಿಗೆ ಏನು ಬೆಲೆ ಬಂದೀತು ಎಂದು ವಿಚಾರಿಸಿದ್ದರು. ಇದರಲ್ಲಿ ಇಬ್ಬಂದಿತನ ಕಂಡರೂ, ನೆರೆಯ ಕಟ್ಟಡದ ನೆರಳು ಬೇಡ, ಅದರಿಂದ ಏರುವ ಮಾರ್ಗಸೂಚಿ ದರ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಪಡಿಸುವ ಬೆಲೆ) ಬೇಕು ಎನ್ನುವುದು ಮನೆಯೊಂದನ್ನೇ ಜೀವಮಾನದ ಉಳಿತಾಯವಾಗಿ ಇಟ್ಟುಕೊಂಡವರಲ್ಲಿ ಅಸಹಜವೇನಲ್ಲ.

ಅಂಗಡಿಯವರ ಹೋರಾಟ ನಡೆದದ್ದು ಬೇರೆ ಕಡೆ, ವಕೀಲರ ಕಚೇರಿಯಲ್ಲಿ. ಹದಿನಾಲ್ಕು ಜನರಲ್ಲಿ ಚಾಲ್ತಿಯಲ್ಲಿರುವ ಕರಾರುಪತ್ರ ಇದ್ದವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಕೆಲವರ ಬಾಡಿಗೆ ರಸೀದಿ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ಕೆಲವರು ದಶಕಗಳ ಹಿಂದೆ ಪಗಡಿ, ಅಂದರೆ ಅಂಗಡಿ ಹಿಡಿಯಲು ಬಾಡಿಗೆಯ ಹೊರತಾಗಿ ಒಮ್ಮೆಗೇ ಕೊಡುವ ಹಣ, ಕೊಟ್ಟು ಒಳಗೆ ಬಂದವರು, ಆ ಹಣಕ್ಕೆ ಎರಡೂ ಕಡೆಯ ಹಿರಿಯರ ನೆನಪಲ್ಲದೆ ಬೇರೆ ದಾಖಲೆಯಿಲ್ಲ. ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆ, 1882ರ 106ನೆಯ ಕಲಮಿನಂತೆ ಹದಿನೈದು ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು ಎಂದು ತಿಳಿದಾಗ ಅವರಿಗೆ ನಿಂತ ನೆಲ ಕುಸಿದಂತಾಗಿತ್ತು. ಆಮೇಲೆ ವಕೀಲರು ಕರ್ನಾಟಕ ಬಾಡಿಗೆ ಕಾಯ್ದೆ, 1999ನ್ನು ತೆಗೆದರು. ವಾಣಿಜ್ಯ ಕಟ್ಟಡಗಳು ಸಾಮಾನ್ಯವಾಗಿ ಆ ಕಾಯ್ದೆಯ ಹೊರಗೆ ಉಳಿಯುತ್ತವೆ. ಆದರೆ ತಳವಿಸ್ತೀರ್ಣ 14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದ ಸಣ್ಣ ಅಂಗಡಿಗಳಿಗೆ, ಬಾಡಿಗೆಯೂ ಕಾಯ್ದೆಯ ಮಿತಿಯೊಳಗಿದ್ದರೆ, ರಕ್ಷಣೆ ಸಿಗುತ್ತದೆ. ಅಂಥ ಬಾಡಿಗೆದಾರರನ್ನು ತೆರವುಗೊಳಿಸಬೇಕಾದರೆ ಕಾಯ್ದೆ ಪಟ್ಟಿಮಾಡಿರುವ ಕಾರಣಗಳಲ್ಲಿ ಒಂದನ್ನಾದರೂ ಮಾಲೀಕರು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು.

ಮರುದಿನ ಬೆಳಿಗ್ಗೆ ಇಬ್ಬರಲ್ಲಿ ಹಿರಿಯ ಟೈಲರು ತಮ್ಮ ಅಳತೆ ಟೇಪನ್ನು ಹಿಡಿದು ಸಾಲಿನುದ್ದಕ್ಕೂ ಅಂಗಡಿಗಳನ್ನು ಅಳೆದರು. ಮಾದರಿ ಮಳಿಗೆಯ ಒಳ ಅಳತೆ 10 ಅಡಿ ಅಗಲ, 14 ಅಡಿ ಆಳ. ಅಂದರೆ 140 ಚದರ ಅಡಿ, ಸುಮಾರು 13 ಚದರ ಮೀಟರ್. ಎಲ್ಲರ ಮುಖದಲ್ಲೂ ಗೆಲುವು ಮೂಡಿತು. ಮಾಲೀಕರ ಪರ ವಕೀಲರ ಉತ್ತರ ಬಂದಾಗ ಆ ಗೆಲುವು ಉಳಿಯಲಿಲ್ಲ: ಕಾಯ್ದೆ ಹೇಳುವುದು ತಳವಿಸ್ತೀರ್ಣವನ್ನು, ತಳವಿಸ್ತೀರ್ಣದಲ್ಲಿ ಗೋಡೆಯ ದಪ್ಪವೂ ಸೇರುತ್ತದೆ, ಅಡಿಗಿಂತ ದಪ್ಪನೆಯ ಜಂಬಿಟ್ಟಿಗೆ ಗೋಡೆಯನ್ನು ಕೂಡಿಸಿದರೆ ಮಳಿಗೆ 150 ಚದರ ಅಡಿಯ ಗೆರೆ ದಾಟುತ್ತದೆ. ಜಗಲಿಯ ಪಾಲನ್ನು ಸೇರಿಸಿದರಂತೂ ಮಾತೇ ಇಲ್ಲ. ಮಲೆನಾಡಿನ ಮಳೆಗೆ ಹೆದರಿ ಹಿರಿಯರು ದಪ್ಪವಾಗಿ ಎಬ್ಬಿಸಿದ ಗೋಡೆಯೇ ಅವರ ಬಾಡಿಗೆದಾರರ ಮಕ್ಕಳನ್ನು ಕಾಯ್ದೆಯ ರಕ್ಷಣೆಯಿಂದ ಆಚೆ ತಳ್ಳುವಂತಾಗಿತ್ತು. ಅಂಗಡಿಯವರ ಕಡೆಯವರು ಇನ್ನೊಂದು ಆಧಾರ ಹಿಡಿದರು. ಕಟ್ಟಡವನ್ನು ಕೆಡವಿದ ಮಾತ್ರಕ್ಕೆ ಬಾಡಿಗೆದಾರಿಕೆ ತಾನಾಗಿ ಅಳಿದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಮಹಾರಾಷ್ಟ್ರದ ಸಾಂಗ್ಲಿಯ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತ್ತು. ನೋಟಿಸು ಕೊಟ್ಟು ಬಾಡಿಗೆಯನ್ನು ಮುಗಿಸಿದ ಮೇಲೆ ಆ ತೀರ್ಪು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ವಾದಕ್ಕೆ ಕೊನೆಯಿಲ್ಲ. ಆದರೆ ವಾದ ವರ್ಷಗಟ್ಟಲೆ ಎಳೆಯಬಹುದು ಎಂಬ ಸಾಧ್ಯತೆಯೇ ಬಿಲ್ಡರನ್ನು ಮಾತುಕತೆಗೆ ಕರೆತಂದಿತು. ಕಟ್ಟಡ ಮೇಲೇಳುವುದು ಒಂದು ತಿಂಗಳು ತಡವಾದರೂ ಸಾಲದ ಬಡ್ಡಿ ಓಡುತ್ತಿರುತ್ತದೆ.

ಆಕ್ಷೇಪಣಾ ಪತ್ರದಲ್ಲಾಗಲಿ, ವಕೀಲರ ನೋಟಿಸಿನಲ್ಲಾಗಲಿ ಒಂದು ಸಾಲೂ ಬಾರದೆ ಹೋದ ಸಂಗತಿಯೊಂದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಮೆಗ್ಗಾನ್ ಆಸ್ಪತ್ರೆಗೋ, ಕೋರ್ಟಿಗೋ, ಅಡಿಕೆ ಮಂಡಿಗೋ ಹೋಗುವವರು ತಮ್ಮ ಚೀಲಗಳನ್ನು ಈ ಸಾಲಿನ ದಿನಸಿ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಅಂಗಡಿಯ ಒಳಗೋಡೆಗೆ ಒರಗಿಸಿದ ಬೆಂಚಿನ ಕೆಳಗೆ ಅದಕ್ಕೆಂದೇ ಜಾಗವಿತ್ತು. ಯಾವ ಚೀಲ ಯಾವ ಊರಿನವರದು ಎಂದು ಅಂಗಡಿಯವರಿಗೆ ಚೀಟಿಯಿಲ್ಲದೆ ಗೊತ್ತಿರುತ್ತಿತ್ತು. ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿಕೊಂಡವರಿಗೆ ಫ್ಲಾಸ್ಕು, ಚಾಪೆ ಕೊಟ್ಟು ಕಳಿಸುವುದೂ ಇತ್ತು. ಅದೇ ಅಂಗಡಿಯ ಉದ್ರಿ ಪುಸ್ತಕದ ಲೆಕ್ಕ ತಿಂಗಳ ಸಂಬಳದ್ದಾಗಿರಲಿಲ್ಲ. ಅಡಿಕೆ ಕೊಯ್ಲು ಮುಗಿದು, ರಾಶಿಯೋ ಬೆಟ್ಟೆಯೋ ಮಂಡಿಯಲ್ಲಿ ಮಾರಾಟವಾದ ಮೇಲೆ ಪುಟಗಳು ತೀರುತ್ತಿದ್ದವು. ಈ ವ್ಯವಹಾರ ನಡೆಯಬೇಕಾದರೆ ಎರಡು ಬೇಕು: ಕಡಿಮೆ ಬಾಡಿಗೆ, ಮತ್ತು ಬದಲಾಗದ ಜಾಗ. ಹೊಸ ಕಟ್ಟಡದ ನೆಲಮಹಡಿಯಲ್ಲಿ ಚದರ ಅಡಿಗೆ ಇಂತಿಷ್ಟು ಎಂದು ಬಾಡಿಗೆ ಕಟ್ಟುವವರು ಬೆಂಚಿನ ಕೆಳಗಿನ ಜಾಗಕ್ಕೂ ಬಾಡಿಗೆ ಕಟ್ಟುತ್ತಾರೆ.

ಜಗಲಿಯ ಮೇಲೆ ಕುಳಿತು ವ್ಯಾಪಾರ ಮಾಡುತ್ತಿದ್ದವರು ಮೂವರು: ಹೂವಿನವರು, ಚಪ್ಪಲಿ ಹೊಲೆಯುವವರು, ಮಳೆಗಾಲದಲ್ಲಿ ಛತ್ರಿ ರಿಪೇರಿ ಮಾಡುವವರು. ಇವರು ಯಾರಿಗೂ ಬಾಡಿಗೆ ಕೊಡುತ್ತಿರಲಿಲ್ಲ. ಇವರ ಮಾತನ್ನು ಯಾರೂ ಕೇಳಲೂ ಇಲ್ಲ. ಆದರೆ ಹೂವಿನವರ ಕೈಯಲ್ಲಿ ಒಂದು ಕಾಗದ ಇತ್ತು. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿನ 10,000 ರೂಪಾಯಿ ಸಾಲ ಪಡೆಯುವಾಗ ಅವರು ಬೀದಿಬದಿ ವ್ಯಾಪಾರಿಯೆಂದು ದಾಖಲಾಗಿದ್ದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ವ್ಯಾಪಾರಿಯ ವ್ಯಾಖ್ಯೆಯಲ್ಲಿ ರಸ್ತೆ, ಪಾದಚಾರಿ ಮಾರ್ಗಗಳ ಜೊತೆಗೆ ಖಾಸಗಿ ಜಾಗವನ್ನೂ ಸೇರಿಸಿಕೊಂಡಿದೆ. ನಲವತ್ತು ವರ್ಷ ಬಾಡಿಗೆ ಕಟ್ಟಿದ ಸೈಕಲ್ ಅಂಗಡಿಯವರಿಗೆ ತೋರಿಸಲು ದಾಖಲೆಯಿಲ್ಲದಾಗ, ಬಾಡಿಗೆಯನ್ನೇ ಕೊಡದ ಹೂವಿನಮ್ಮ ಗುರುತಿನ ಚೀಟಿ ತೆಗೆದು ತೋರಿಸಿದರು. ಅವರಿಗೆ ಹೊಸ ಕಟ್ಟಡದ ಮುಂಗಟ್ಟಿನ ಹೊರಗೆ, ರಸ್ತೆಯ ಬದಿಯಲ್ಲಿ ಬುಟ್ಟಿ ಇಡಲು ಒಂದು ಜಾಗ ಸಿಕ್ಕಿತು. ಚಪ್ಪಲಿಯವರಿಗೂ ಛತ್ರಿಯವರಿಗೂ ಸಿಗಲಿಲ್ಲ.

ಯೋಜನೆಯ ಪರವಾಗಿ ಇದ್ದವರ ದನಿ ಸಭೆಯಲ್ಲಿ ಸಣ್ಣದಾಗಿ ಕೇಳಿತ್ತಾದರೂ ಅದು ಹಗುರವಾದದ್ದಲ್ಲ. ಮಕ್ಕಳು ಬೆಂಗಳೂರು ಸೇರಿ, ಎರಡು ಅಂತಸ್ತಿನ ಮನೆಯಲ್ಲಿ ಮೆಟ್ಟಿಲು ಹತ್ತಲಾಗದೆ ಕೆಳಗೇ ಉಳಿದ ವಯಸ್ಸಾದ ದಂಪತಿಗಳು ಲಿಫ್ಟು, ಕಾವಲುಗಾರ, ಕೆಳಗೇ ಮೆಡಿಕಲ್ ಶಾಪು ಇರುವ ಫ್ಲ್ಯಾಟು ಬೇಕೆಂದರು. ಘಟ್ಟದ ಅಂಚಿನ ಹಳ್ಳಿಗಳಲ್ಲಿ ತೋಟ ನೋಡಿಕೊಳ್ಳಲು ಆಳು ಸಿಗದೆ, ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ ಎಂದು ಹೆದರಿದವರು ಶಿವಮೊಗ್ಗದಲ್ಲಿ ಮನೆ ಹುಡುಕುವುದು ಈಗ ಸಾಮಾನ್ಯ. ಇವರ ಹಿತ ಕಾಯಲು ಕಾನೂನೂ ಇದೆ: 500 ಚದರ ಮೀಟರ್ ಮೀರಿದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರಿಯಲ್ ಎಸ್ಟೇಟ್ ಕಾಯ್ದೆಯಡಿಯ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಬೇಕು, ಖರೀದಿದಾರರಿಂದ ಪಡೆದ ಹಣದ ಶೇಕಡ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಬರುವವರಿಗೆ ಇಷ್ಟೆಲ್ಲ ಭದ್ರತೆ ಕೊಡುವ ಆ ಕಾಯ್ದೆಯಲ್ಲಿ ಹೋಗುವ ಬಾಡಿಗೆದಾರರಿಗೆ ಜಾಗವಿಲ್ಲ. ಮುಂಬೈಯ ಹಳೆಯ ಸೆಸ್ ಕಟ್ಟಡಗಳ (ದುರಸ್ತಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಬಾಡಿಗೆ ಕಟ್ಟಡಗಳ) ಪುನರ್‌ನಿರ್ಮಾಣದಲ್ಲಿ ಇದ್ದ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಜಾಗ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಅದು ಮಾತುಕತೆಯ ಬಲಾಬಲಕ್ಕೆ ಬಿಟ್ಟದ್ದು.

ಬಡಾವಣೆಯ ಒತ್ತಡದಿಂದ ನಕ್ಷೆಯಲ್ಲಿ ಆದ ಬದಲಾವಣೆಗಳು ಸಣ್ಣವೇನಲ್ಲ. ಮೂಲ ನಕ್ಷೆಯಲ್ಲಿ ವಾಹನ ನಿಲುಗಡೆ ನೆಲದಡಿಯ ಸೆಲ್ಲಾರಿನಲ್ಲಿತ್ತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡಿದ್ದ ಜನ ಸೆಲ್ಲಾರೆಂದರೆ ಬೆಚ್ಚಿದರು. ನಿಲುಗಡೆ ನೆಲಮಟ್ಟದಲ್ಲಿ, ಅಂಗಡಿಗಳ ಹಿಂದಕ್ಕೆ ಬಂತು, ಅದರಿಂದಾಗಿ ಅಂಗಡಿಗಳ ಆಳ ಕಡಿಮೆಯಾಯಿತು. ವಾಹನಗಳು ಅಡ್ಡರಸ್ತೆಗೆ ಹೊರಬೀಳುವ ಗೇಟನ್ನು ಕೈಬಿಟ್ಟರು. ಎತ್ತರವನ್ನು ಬಿಲ್ಡರೇ ಮೊದಲಿನಿಂದಲೂ 15 ಮೀಟರಿನೊಳಗೆ ಇರಿಸಿಕೊಂಡಿದ್ದರು, ಏಕೆಂದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಅಲ್ಲಿಗೆ ಮುಟ್ಟಿದರೆ ಅದು ಬಹುಮಹಡಿ ಕಟ್ಟಡವಾಗಿ ಅಗ್ನಿಸುರಕ್ಷತೆಯ ಷರತ್ತುಗಳು ಬಿಗಿಯಾಗುತ್ತವೆ. ಅಂದರೆ ಎತ್ತರದ ವಿರುದ್ಧ ಜನ ಗೆದ್ದೆವೆಂದುಕೊಂಡದ್ದು ಅವರು ಗೆದ್ದದ್ದಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಮಾತುಕತೆಯಲ್ಲಿ ಅತ್ಯಂತ ಉಪಯುಕ್ತವಾಗಿದ್ದ ಬೇಡಿಕೆ ಕಾಂಡಿಮೆಂಟ್ಸ್ ಅಂಗಡಿಯವರದು. ವಾಸ್ತುಶಿಲ್ಪಿಯ ಬಣ್ಣದ ಚಿತ್ರದಲ್ಲಿ ಮುಂಭಾಗವೆಲ್ಲ ಗಾಜು. ಗೋಡೆಯಿಂದ ಹೊರಗೆ ಒಂದು ಅಡಿಯೂ ಚಾಚಿದ ಸೂರಿರಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ಜೊತೆ ಓರೆಯಾಗಿ ಹೊಡೆಯುವ ಮಳೆಗೆ ಈ ಅಂಗಡಿಗಳ ಮುಂದೆ ಯಾರು ನಿಲ್ಲುತ್ತಾರೆ, ಎಲ್ಲಿ ಛತ್ರಿ ಮಡಚುತ್ತಾರೆ ಎಂದು ಅವರು ಕೇಳಿದರು. ಹಳೆಯ ಸಾಲಿನಲ್ಲಿ ಗಿರಾಕಿ ಮೊದಲು ಜಗಲಿ ಹತ್ತುತ್ತಿದ್ದ, ಆಮೇಲೆ ಅಂಗಡಿ. ಮಳೆ ನಿಲ್ಲಲೆಂದು ಹತ್ತಿದವನೂ ಒಂದು ಬನ್ನು, ಒಂದು ಬೆಂಕಿಪೆಟ್ಟಿಗೆ ಕೊಳ್ಳುತ್ತಿದ್ದ. ಭಾವನೆಯ ಮಾತಿಗೆ ಅಲುಗದಿದ್ದ ಬಿಲ್ಡರಿಗೆ ಈ ವ್ಯಾಪಾರದ ಮಾತು ತಕ್ಷಣ ತಲುಪಿತು. ಕಟ್ಟಡದ ಮುಂಭಾಗದ ಉದ್ದಕ್ಕೂ ಆರು ಅಡಿಯ ಕಾಂಕ್ರೀಟು ಚಾಚು ಬಂತು, ಅದರ ಕೆಳಗೆ ಎರಡು ಮೆಟ್ಟಿಲೆತ್ತರದ ನಡೆದಾರಿ ಬಂತು.

ಹಿಟ್ಟಿನ ಗಿರಣಿಯ ವಿಷಯದಲ್ಲಿ ಮಾತ್ರ ಯಾರ ಮನವೊಲಿಕೆಯೂ ನಡೆಯಲಿಲ್ಲ. ಅಂಗಡಿ, ಕಚೇರಿ, ಮನೆ ಒಂದೇ ಸೂರಿನಡಿ ಇರುತ್ತವೆಂದು ಕರಪತ್ರ ಹೇಳುತ್ತಿತ್ತು. ಆದರೆ ಗಿರಣಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು, ಅದರ ಅದುರು, ಗಾಳಿಯಲ್ಲಿ ತೇಲುವ ಹಿಟ್ಟು, ಮೆಣಸಿನಕಾಯಿ ಪುಡಿ ಮಾಡುವ ದಿನದ ಘಾಟು, ಇವುಗಳ ಮೇಲೆ ಮನೆ ಕೊಳ್ಳುವವರು ಯಾರು? ಸೈಕಲ್ ರಿಪೇರಿಯ ಎಣ್ಣೆ, ಗೊಬ್ಬರದ ಅಂಗಡಿಯ ವಾಸನೆಗಳಿಗೂ ಇದೇ ಗತಿ. ವಸತಿಯ ಜೊತೆ ಹೊಂದುವ ವ್ಯಾಪಾರಗಳು ಕೆಲವು ಮಾತ್ರ: ಔಷಧಿ, ಬೇಕರಿ, ಬ್ಯಾಂಕು, ಕ್ಲಿನಿಕ್, ಮೊಬೈಲು. ಹಳೆಯ ಸಾಲು ಕೈಕಸುಬಿನವರಿಗೂ ಯಂತ್ರಕ್ಕೂ ಎಡೆ ಕೊಟ್ಟಿತ್ತು. ಯೋಜನಾ ಭಾಷೆಯಲ್ಲಿ ಅದು ಕೇವಲ ವಾಣಿಜ್ಯ ಬಳಕೆ.

ಕೊನೆಯಲ್ಲಿ ಒಪ್ಪಂದ ಹೀಗೆ ಆಯಿತು. ಕಟ್ಟುವ ಅವಧಿಗೆ ಹಿಂದಿನ ಬಯಲಿನಲ್ಲಿ ಯಾರಿಗೂ ತಾತ್ಕಾಲಿಕ ಶೆಡ್ಡು ಸಿಗಲಿಲ್ಲ. ಬದಲಿಗೆ ಖಾಲಿ ಮಾಡುವವರಿಗೆ ಒಂದಿಷ್ಟು ಮೊತ್ತ, ಹಳೆಯ ಅಡ್ವಾನ್ಸು, ಮತ್ತು ಹೊಸ ಅಂಗಡಿಯನ್ನು ಮಾರುಕಟ್ಟೆ ದರಕ್ಕಿಂತ ಸ್ವಲ್ಪ ಕಡಿಮೆ ಬಾಡಿಗೆಗೆ ಮೊದಲು ಕೇಳುವ ಹಕ್ಕು. ಪಗಡಿ ಕೊಟ್ಟವರು ಇದನ್ನು ಅವಮಾನವೆಂದೇ ಭಾವಿಸಿದರು, ಆದರೂ ಸಹಿ ಹಾಕಿದರು. ಮೆಡಿಕಲ್ ಶಾಪು, ಕಾಂಡಿಮೆಂಟ್ಸ್, ಜೆರಾಕ್ಸ್ ಅಂಗಡಿಗಳು ಮರಳಿದವು. ದಿನಸಿಯವರು ಅರ್ಧದಷ್ಟು ಜಾಗದಲ್ಲಿ ಮರಳಿದರು, ಬೆಂಚಿಲ್ಲದೆ. ಹಿರಿಯ ಟೈಲರು ಮನೆಯ ವೆರಾಂಡದಲ್ಲಿ ಹೊಲಿಯುತ್ತಾರೆ. ಕಿರಿಯರು ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಿಂದ ಆಲ್ಟ್ರೇಶನ್ ಕೆಲಸ ತರುತ್ತಾರೆ. ಗಿರಣಿ ಊರ ಹೊರಗಿನ ಶೆಡ್ಡಿಗೆ ಹೋಯಿತು. ರಾಗಿ, ಅಕ್ಕಿ ಬೀಸಿಸಲು ಡಬ್ಬ ಹೊತ್ತು ಬರುತ್ತಿದ್ದವರಲ್ಲಿ ಹೆಚ್ಚಿನವರು ಈಗ ಪ್ಯಾಕೆಟ್ ಹಿಟ್ಟು ಕೊಳ್ಳುತ್ತಾರೆ. ಆಕ್ಷೇಪಣೆ ಸಲ್ಲಿಸಿದ ಅಡ್ಡರಸ್ತೆಯ ಮನೆಗಳಲ್ಲಿ ಎರಡು ಈಗಾಗಲೇ ಜಂಟಿ ಅಭಿವೃದ್ಧಿಗೆ ಒಪ್ಪಂದವಾಗಿವೆ.

ಈಗಿನ ತಕರಾರು ಹೊಸ ಕಟ್ಟಡದ ಒಳಗಿನದು. ಫ್ಲ್ಯಾಟಿನವರು ಸಂಘ ಮಾಡಿಕೊಂಡು ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿಯಲ್ಲಿ ನೋಂದಾಯಿಸಲು ಹೊರಟರು. ಮುಖ್ಯವಾಗಿ ವಸತಿಗೆ ಬಳಸುವ ಸ್ವತ್ತಿಗೆ ಮಾತ್ರ ಆ ಕಾಯ್ದೆ ಅನ್ವಯಿಸುತ್ತದೆ; ಎರಡು ಅಂತಸ್ತು ಅಂಗಡಿ ಹಾಗೂ ಕಚೇರಿ ಇರುವ ಈ ಕಟ್ಟಡ ಆ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಚರ್ಚೆಯಲ್ಲಿದೆ. ಲಿಫ್ಟು ಬಳಸದ ನೆಲಮಹಡಿಯ ಅಂಗಡಿಯವರು ಅದರ ಖರ್ಚು ಏಕೆ ಕೊಡಬೇಕು, ಜನರೇಟರಿನ ಡೀಸೆಲ್ಲಿನಲ್ಲಿ ಕ್ಲಿನಿಕ್ಕಿನ ಪಾಲೆಷ್ಟು, ಚಾಚಿನ ಕೆಳಗಿನ ನಡೆದಾರಿಯನ್ನು ಯಾರು ತೊಳೆಸಬೇಕು ಎಂದು ಪ್ರತಿ ತಿಂಗಳೂ ಮಾತು ಬೆಳೆಯುತ್ತದೆ. ಮಳೆಗೆ ನಿಲ್ಲುವ ಜನ ನಡೆದಾರಿಯನ್ನು ಕೆಸರು ಮಾಡುತ್ತಾರೆ, ಅದಕ್ಕೆ ಗ್ರಿಲ್ಲು ಹಾಕಿಸಬೇಕು ಎಂಬ ಪ್ರಸ್ತಾಪವನ್ನು ಸಂಘದ ಕೆಲವರು ಮುಂದಿಟ್ಟಿದ್ದಾರೆ. ಕಾಂಡಿಮೆಂಟ್ಸ್ ಅಂಗಡಿಯವರು ಅದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದಾರೆ.